ಮಗಳಿಗೊಂದು ಪತ್ರ: ಸಮಾಧಾನ ಹೇಳುವ ಮುಂಚೆ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಗೆಳತಿಯ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ನೀನು ಸಪ್ಪಗೆ ಕೂತುಬಿಟ್ಟೆ. ಏನಾಯ್ತು ಅಂತ ನಾನು ಕೇಳಿದರೆ, "ನಾನು ಒಳ್ಳೇ ಮಾತೇ ಆಡಿದ್ದು ಅಪ್ಪಾ, ಅವಳು ಪಟ್ಟಂತ ಫೋನ್ ಇಟ್ಟಳು" ಅಂದೆ. ಆಗ ನನಗೇನೂ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಹೊರಟರೆ ನನ್ನದು ಉಪದೇಶವೇ ಆಗಿಬಿಡುತ್ತದೆ, ನಿನಗೇ ಗೊತ್ತು.

ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಿದ್ದವಳಿಗೆ ನೀನು ಅಂದಿದ್ದು, "ಅಳಬೇಡ, ದೇವರು ಮಾಡೋದೆಲ್ಲಾ ಒಳ್ಳೇದಕ್ಕೇ." ಸುಳ್ಳೇನಲ್ಲ, ನಾನೂ ಹಾಗೆ ನಂಬುವವನೇ. ಆದರೆ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 25ನೇ ಅಧ್ಯಾಯ ಓದಿ ನೋಡು. ಮನನೊಂದವರ ಮುಂದೆ ಹಾಡು ಹೇಳುವುದೆಂದರೆ ಚಳಿಯಲ್ಲಿ ಮೈಮೇಲಿನ ಬಟ್ಟೆ ತೆಗೆದ ಹಾಗೆ ಅನ್ನುತ್ತದೆ. ಹಾಡಿನಲ್ಲಿ ತಪ್ಪಿಲ್ಲ, ಹೊತ್ತು ಸರಿಯಿಲ್ಲ, ಅಷ್ಟೆ. ಅದೇ ಬೈಬಲಿನಲ್ಲಿ, ಮಕ್ಕಳು ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ತುಟಿಪಿಟಕ್ಕೆನ್ನದೆ ಕೂತಿದ್ದರು. ಅಲ್ಲಿಯತನಕ ಎಂಥಾ ಗೆಳೆಯರು! ಬಾಯಿ ತೆರೆದಿದ್ದೇ ಕೆಟ್ಟಿತು. ಅವರು ಆಡಿದ್ದೂ ಭಕ್ತಿಯ ಮಾತುಗಳನ್ನೇ.

ಹಾಗಂತ ಬಾಯಿ ಮುಚ್ಚಿಕೊಂಡಿರು ಅಂತಲ್ಲ. ಯೇಸುವನ್ನು ನಂಬಿದ ಮೊದಮೊದಲ ಜನರಲ್ಲಿ ನನಗೆ ಬಾರ್ನಬ ಇಷ್ಟ. ಅವನ ನಿಜವಾದ ಹೆಸರು ಯೋಸೇಫ. ಜನರಿಗೆ ಧೈರ್ಯ ತುಂಬುತ್ತಿದ್ದನಲ್ಲ, ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಆ ಗುಣವನ್ನೇ ಹೆಸರು ಮಾಡಿ ಕರೆದರು. ಮುಂದೆ ಪೌಲ ಅನ್ನಿಸಿಕೊಂಡ ಸೌಲ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿ ದೂರ ನಿಂತರು. ಮನೆಮನೆಗೆ ನುಗ್ಗಿ ಯೇಸುವನ್ನು ನಂಬುವವರನ್ನು ಸೆರೆಗೆ ಎಳೆದೊಯ್ದವನು, ಹೆದರದೆ ಇನ್ನೇನು? ಅವನನ್ನು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಬಾರ್ನಬ. ಏನು ಹೇಳಿದ ಗಮನಿಸು. "ಇವನು ಬಹಳ ಒಳ್ಳೆಯವನು" ಅಂತ ಹೊಗಳಲಿಲ್ಲ. ಸೌಲ ದಾರಿಯಲ್ಲಿ ಕರ್ತನಾದ ಯೇಸುವನ್ನು ಕಂಡದ್ದು, ದಮಸ್ಕದಲ್ಲಿ ಯೇಸುವಿನ ಹೆಸರಿನಲ್ಲಿ ಧೈರ್ಯವಾಗಿ ಮಾತಾಡಿದ್ದು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಹೊಗಳೋದಕ್ಕೆ ಏನೂ ತಿಳಿದಿರಬೇಕಾಗಿಲ್ಲ. ಒಬ್ಬರ ಪರವಾಗಿ ಒಂದು ಮಾತಾಡಬೇಕಾದರೆ ಅವರನ್ನು ಕಣ್ಣಿಟ್ಟು ನೋಡಿರಬೇಕು.

ಇದೇ ಬಾರ್ನಬ ಮುಂದೆ ಪೌಲನ ಜೊತೆ ಜಗಳವಾಡಿಕೊಂಡ ಅನ್ನೋದನ್ನೂ ಮುಚ್ಚಿಡುವುದಿಲ್ಲ. ಹಿಂದಿನ ಸುವಾರ್ತೆಯ ಪ್ರಯಾಣದಲ್ಲಿ ಅವರನ್ನು ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದುಕೊಳ್ಳೋಣ ಅಂತ ಇವನು, ಬೇಡ ಅಂತ ಅವನು. ಕೊನೆಗೆ ಬಾರ್ನಬ ಮಾರ್ಕನೊಡನೆ ಕುಪ್ರ (ಸೈಪ್ರಸ್) ದ್ವೀಪಕ್ಕೆ ಹಡಗು ಹತ್ತಿದ. ಮುಂದೆ ಪೌಲನೇ ತನ್ನ ಜೊತೆಗಾರ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅಂತ. ಹಡಗಿನಲ್ಲಿ ಬಾರ್ನಬ ಆ ಹುಡುಗನಿಗೆ ಏನು ಹೇಳಿರಬಹುದು? ಎಲ್ಲೂ ಬರೆದಿಲ್ಲ. ನಾನು ಮಾತ್ರ ಊಹಿಸುತ್ತಲೇ ಇರುತ್ತೇನೆ.

ಇಷ್ಟೆಲ್ಲ ಹೇಳುವ ಅಪ್ಪನ ನಾಲಿಗೆ ಹೇಗಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಮೊನ್ನೆ ಭಾನುವಾರ ಆರಾಧನೆ ಮುಗಿಸಿ ಬಂದವನೇ, ಬೀಗದ ಕೈ ಸಿಗಲಿಲ್ಲವೆಂದು "ನಿನಗೆ ಒಂದು ಕೆಲಸವಾದರೂ ನೆಟ್ಟಗೆ ಬರುತ್ತಾ?" ಅಂತ ನಿನ್ನ ಮೇಲೆ ಹರಿಹಾಯ್ದೆ. ಅದೇ ನಾಲಿಗೆಯಿಂದ ದೇವರನ್ನು ಕೊಂಡಾಡಿ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದವರನ್ನು ಶಪಿಸುತ್ತೇವಲ್ಲ ಅಂತ ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಯಾಕೋಬ ಕೇಳುತ್ತಾನೆ. ಒಂದೇ ಒರತೆಯಲ್ಲಿ ಸಿಹಿನೀರು, ಕಹಿನೀರು ಎರಡೂ ಉಕ್ಕುತ್ತವೆಯೇ ಅಂತ. ನನ್ನಲ್ಲಿ ಉಕ್ಕಿತು, ಹತ್ತು ನಿಮಿಷದೊಳಗೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಕ್ಕು ಮರೆಸಿದೆನೇ ಹೊರತು ತಪ್ಪಾಯಿತು ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ: ತಪ್ಪಾಯಿತು ಮಗಳೇ.

ಸಂಜೆ ಅವಳ ಮನೆಗೆ ಹೋಗಿ ಬಾ. ಒಂದು ವಾಕ್ಯ ಹುಡುಕಿ ಇಟ್ಟುಕೊಂಡು ಹೋಗಬೇಡ. ಜ್ವರ ಬಂದು ನೀನು ಮಲಗಿದ್ದಾಗ ನಿನ್ನ ನೋಟ್ಸನ್ನೆಲ್ಲ ಅವಳೇ ಬರೆದುಕೊಟ್ಟಳಲ್ಲ, ಬೇಕಾದರೆ ಅದನ್ನು ನೆನಪಿಸು. ಅದೂ ಬಾಯಿಗೆ ಬರದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತಿರು.

ತಡವಾದರೆ ಫೋನ್ ಮಾಡು, ಕರೆದುಕೊಂಡು ಬರಲು ನಾನು ಬರುತ್ತೇನೆ. ಈ ಸಲ ಜೇಬು ನೋಡಿಕೊಂಡೇ ಹೊರಡುತ್ತೇನೆ.

ನಿನ್ನ
ಅಪ್ಪ