ದುರ್ಗದಬೈಲಿನಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಅಣ್ಣ, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಿವಿಸಿ ಪೈಪು, ಬೆಳ್ಳಿ ಬಣ್ಣದ ಶೀಟು, ಎಲ್‌ಇಡಿ ದೀಪ ಸೇರಿಸಿ ಮನೆಯೊಳಗೇ ಒಂದು ಪುಟ್ಟ ಟೆಂಟ್ ಮಾಡಿದ್ದೇನೆ. ಒಳಗೆ ಬ್ಯಾಡಗಿ ಮೆಣಸಿನ ಸಸಿಗಳು. ತೇವ ಜಾಸ್ತಿಯಾಗಿ ಬುಡ ಕೊಳೆತು ಒಂದೊಂದೇ ಮಲಗುತ್ತಿದ್ದವು. ನಾನು ಕೇಳಿದ್ದು ದೊಡ್ಡ ಎಕ್ಸಾಸ್ಟ್ ಫ್ಯಾನ್. ನೀವು ತೋರಿಸಿದ್ದು ಹಳೇ ಕಂಪ್ಯೂಟರಿನ 120 ಮಿ.ಮೀ. ಫ್ಯಾನ್! 12 ವೋಲ್ಟಿನ ಹಳೇ ಅಡಾಪ್ಟರ್ ಸಾಕು, ಆದರೆ ಅದರ ಆಂಪಿಯರ್ ಫ್ಯಾನಿಗಿಂತ ಕಡಿಮೆ ಇರಬಾರದು ಅಂದಿರಿ. ಆಮೇಲೆ ನನ್ನ ಬಿಲ್ಲಿನ ಹಿಂದೆಯೇ ಚಿತ್ರ ಬರೆದಿರಿ.

"ಬಿಸಿ ಗಾಳಿ ಮ್ಯಾಲೆ ಹೋಗ್ತದ್ರಿ. ಫ್ಯಾನ್ ಮ್ಯಾಲೆ ಕೂಡ್ಸ್ರಿ, ಗಾಳಿ ಹೊರಗ ಎಳೀಲಿ. ಎದುರು ಮೂಲಿಯೊಳಗ ಕೆಳಗ ತೂತು ಬಿಡ್ರಿ, ಫ್ಯಾನಿಗಿಂತ ದೊಡ್ಡದಿರ್ಲಿ."

ಹಾಗೇ ಮಾಡಿದೆ. ತೂತಿಗೆ ಸೊಳ್ಳೆಪರದೆ ಕಟ್ಟಿದ್ದು ಮಾತ್ರ ನನ್ನ ಬುದ್ಧಿ, ಅಷ್ಟಾದರೂ ಇರಲಿ ಅಲ್ವಾ! ಫ್ಯಾನ್ ತಿರುಗಿದರೆ ಶೀಟು ಸ್ವಲ್ಪ ಒಳಕ್ಕೆ ಸೆಳೆದುಕೊಳ್ಳುತ್ತದೆ. ಗಾಳಿ ಸರಿಯಾಗಿ ಆಡುತ್ತಿದೆ ಅನ್ನೋದಕ್ಕೆ ಅದೇ ಗುರುತು ಅಂದಿದ್ದಿರಿ. ಈಗ ಶೀಟಿನ ಮೇಲೆ ನೀರಹನಿ ನಿಲ್ಲುತ್ತಿಲ್ಲ, ಉಳಿದ ಸಸಿಗಳು ಗಟ್ಟಿಯಾಗಿವೆ.

ಫ್ಯಾನಿನ ಸದ್ದು ರಾತ್ರಿ ಸ್ವಲ್ಪ ಜಾಸ್ತಿನೇ. ಇದನ್ನು ಓದಿದರೆ ಅದಕ್ಕೂ ಒಂದು ಉಪಾಯ ಹೇಳಿ. ಎರಡು ಮೆಣಸಿನ ಸಸಿ ನಿಮ್ಮ ಪಾಲಿನದು.