ಪೇಂಟ್ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ ಧನ್ಯವಾದ

ದಾವಣಗೆರೆಯ ಪಿ.ಬಿ. ರಸ್ತೆಯ ಪೇಂಟ್ ಅಂಗಡಿಯಲ್ಲಿ ಸಿಕ್ಕ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಈ ಧನ್ಯವಾದ ನಿಮಗೆ.

ಗೆಳೆಯರು ಸೇರಿ ಶೆಡ್ಡಿನಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆಯ ಅಲ್ಯೂಮಿನಿಯಂ ತಗಡಿಗೆ ಪ್ರೈಮರ್ (ಬಣ್ಣಕ್ಕೂ ಮೊದಲಿನ ಅಡಿಪದರ) ಹೊಡೆಯುವ ಮುಂಚೆ ಹೇಗೆ ತೊಳೆಯೋದು ಅಂತ ವಿಚಾರಿಸುತ್ತಿದ್ದಾಗ ನೀವೇ ಮಾತಿಗೆ ಬಂದಿರಿ. "ತಮ್ಮಾ, ಕಾಸ್ಟಿಕ್ ಸೋಡಾ ಮುಟ್ಟಿಸಬ್ಯಾಡ, ಅಲ್ಯೂಮಿನಿಯಂನ ತಿಂದು ಹಾಕ್ತದೆ. ತಂತಿ ಬ್ರಷ್ಷೂ ಬ್ಯಾಡ." ಬ್ರಷ್ಷಿನ ಉಕ್ಕಿನ ಚೂರು ತಗಡಿನಲ್ಲಿ ಸಿಕ್ಕಿಕೊಂಡರೆ, ತೇವ ತಗುಲಿದಾಗ ಅಲ್ಲಿಂದಲೇ ಲೋಹ ಕೊರೆಯಲು ಶುರು. ವಿಮಾನಕ್ಕೆ ಬಳಸುವ ಆಲ್‌ಕ್ಲ್ಯಾಡ್ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದಲ್ವಾ, ಜಾಸ್ತಿ ಉಜ್ಜಿದರೆ ಆ ರಕ್ಷಣೆಯೂ ಹೋಗುತ್ತದೆ.

ಸ್ಕಾಚ್ ಬ್ರೈಟಿನಲ್ಲಿ ಹಗುರವಾಗಿ ಉಜ್ಜಿ, ಸೋಪಿನಲ್ಲಿ ತೊಳೆದು, ಕೊನೆಗೆ ಬರೀ ನೀರು ಸುರಿದು ನೋಡು ಅಂದಿರಿ. ನೀರು ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಒಂದೇ ಹಾಳೆಯಂತೆ ಹರಡಿದರೆ ತಗಡು ಶುದ್ಧ. ನಮ್ಮದರ ಮೇಲೆ ನೀರು ಹಾಗೆ ಹರಡಿದಾಗ ಎಷ್ಟು ಖುಷಿಯಾಯ್ತು ಗೊತ್ತಾ!

ಜಿಡ್ಡು ತೆಗೆಯುವ ಅಸಿಟೋನ್ ದ್ರಾವಕದಲ್ಲಿ ತಗಡು ಒರೆಸುವಾಗ ನೀವು ಹೇಳಿದಂತೆ ಬಾಗಿಲು ತೆರೆದಿಟ್ಟು, ಗ್ಲೌಸ್ ಹಾಕಿ, ಬೆಂಕಿ ದೂರ ಇಡುತ್ತೇವೆ. ನಿಮ್ಮ ಡಬ್ಬ ತಗೊಂಡು ಸುಮ್ನೆ ಹೋಗಬಹುದಿತ್ತು, ನಿಂತು ಹೇಳಿಕೊಟ್ಟಿರಿ. ಇದು ಕಣ್ಣಿಗೆ ಬಿದ್ದರೆ ದಯವಿಟ್ಟು ಒಮ್ಮೆ ಶೆಡ್ಡಿಗೆ ಬನ್ನಿ. ಇನ್ನೊಂದು ರೆಕ್ಕೆಯ ತಗಡು ತೊಳೆಯೋದು ಬಾಕಿ ಇದೆ.