ಒಂದು ಗಂಟೆಯ ವಿಮಾನಕ್ಕೆ ಏಳು ಗಂಟೆ

ಮಾನ್ಯ ಸಂಪಾದಕರೇ,

ಮಂಗಳೂರು-ಬೆಂಗಳೂರು ವಿಮಾನದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಅದೇ ಸಾಲು: ದೂರ ಸುಮಾರು 300 ಕಿ.ಮೀ., ಪ್ರಯಾಣ ಒಂದು ಗಂಟೆ. ಸುಳ್ಳೇನಲ್ಲ. ಆದರೆ ಅದು ಬಜ್ಪೆಯಿಂದ ದೇವನಹಳ್ಳಿಗೆ ಇರುವ ಲೆಕ್ಕ. ಬಜ್ಪೆ ನಿಲ್ದಾಣದೊಳಗೆ ಯಾರೂ ಮನೆ ಮಾಡಿಕೊಂಡಿಲ್ಲ, ಅಲ್ವಾ?

ಕಳೆದ ತಿಂಗಳು ಅಮ್ಮನನ್ನು ಬೆಂಗಳೂರಿನ ತಂಗಿ ಮನೆಗೆ ಕರೆದುಕೊಂಡು ಹೋದೆ. ಅಮ್ಮನಿಗೆ ಮಂಡಿನೋವು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಶಿರಾಡಿ ಘಾಟಿ ಹತ್ತುವುದು ಬೇಡ, ವಿಮಾನದಲ್ಲಾದರೆ ಒಂದೇ ಗಂಟೆ ಎಂದು ಒಪ್ಪಿಸಿದ್ದೂ ನಾನೇ. 11.40ರ ವಿಮಾನಕ್ಕೆ ಉಡುಪಿಯ ಮನೆಯಿಂದ 8ಕ್ಕೇ ಹೊರಟೆವು, ಹೆದ್ದಾರಿಯಲ್ಲಿ ಎಲ್ಲಿ ಸಿಕ್ಕಿಬೀಳುತ್ತೇವೋ ಹೇಳಲಿಕ್ಕಾಗುವುದಿಲ್ಲ ನೋಡಿ. ಮುಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ದಾಟಿ ಬಜ್ಪೆ ಮುಟ್ಟುವಾಗ 9.40. ತಪಾಸಣೆಯಲ್ಲಿ ಅಮ್ಮನ ಕೈಚೀಲದಿಂದ ಮಾವಿನಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದು ಆಚೆ ಇಟ್ಟರು. ತಪ್ಪು ನನ್ನದೇ, ದೊಡ್ಡ ಬ್ಯಾಗಿಗೆ ಹಾಕಬೇಕಿತ್ತು. ಅಮ್ಮ ಮಾತ್ರ ಆ ಬಾಟಲಿಯನ್ನು ತಿರುಗಿ ತಿರುಗಿ ನೋಡುತ್ತಲೇ ಮುಂದೆ ಹೋದರು.

ವಿಮಾನ ಮೇಲೇರಿ ಘಟ್ಟದ ಹಸಿರು ಕಂಡಿತು ಎನ್ನುವಷ್ಟರಲ್ಲಿ ಇಳಿಯುವ ಘೋಷಣೆ. 12.45ಕ್ಕೆ ನಿಂತಿತು. ಬ್ಯಾಗಿಗೆ ಅರ್ಧ ಗಂಟೆ ಕಾದು, ಟ್ಯಾಕ್ಸಿ ಹತ್ತಿ, ಹೆಬ್ಬಾಳದಲ್ಲಿ ಆಮೆಯ ಹಾಗೆ ತೆವಳಿ, ಜೆ.ಪಿ. ನಗರದಲ್ಲಿ ತಂಗಿ ಮನೆಯ ಬೆಲ್ ಒತ್ತಿದಾಗ 3.15. ಏಳೂಕಾಲು ಗಂಟೆ! ರಾತ್ರಿ ಬಸ್ಸಿಗೆ ಹೆಚ್ಚೆಂದರೆ ಒಂಬತ್ತು, ಅದೂ ನಿದ್ದೆಯಲ್ಲಿ.

ಅಸಲಿಗೆ ಆ ಒಂದು ಗಂಟೆಯೂ ಪೂರ್ತಿ ಹಾರಾಟವಲ್ಲ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲೇ ಹೋದರೆ 300 ಕಿ.ಮೀ.ಗೆ 23 ನಿಮಿಷ ಸಾಕು. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ಮತ್ತೆ ವೇಳಾಪಟ್ಟಿಯ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಆ ಕಡೆ ಹೋಗಿ ನಿಂತಾಗ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿತು.

ದುಬೈ ವಿಮಾನದ್ದು ಇನ್ನೊಂದು ತಮಾಷೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿರುವ ಹೊರಡುವ, ತಲುಪುವ ಸಮಯ ಮಾತ್ರ ನೋಡಿದರೆ ಹೋಗುವಾಗ ಎರಡೂ ಚಿಲ್ಲರೆ ಗಂಟೆ, ಬರುವಾಗ ಐದು! ನಮ್ಮ ಪಕ್ಕದ ಮನೆಯವರು ಹಿಂದಿರುಗುವ ವಿಮಾನ ಸುತ್ತು ಹಾಕಿ ಬರುತ್ತದೆ ಅಂತಲೇ ನಂಬಿದ್ದರು.

ವಿಮಾನವೇ ಸುಮ್ನೆ ದಂಡ ಎಂದು ನಾನು ಹೇಳುತ್ತಿಲ್ಲ. ಮುಂಬೈಗೆ ರೈಲಿನಲ್ಲಿ ಒಂದು ರಾತ್ರಿಯೇ ಬೇಕು, ಅಲ್ಲಿ ವಿಮಾನದಿಂದ ಖಂಡಿತ ಲಾಭ. ದೂರ ಕಡಿಮೆಯಾದಷ್ಟು ಲಾಭವೂ ಕಡಿಮೆ, ಅಷ್ಟೇ. ಹಾಗಾಗಿ ಇನ್ನು ಮುಂದೆ ‘ಒಂದು ಗಂಟೆ’ ಎಂದು ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ: ನಿಲ್ದಾಣಕ್ಕೆ ಎಷ್ಟು ಮುಂಚೆ ಹೋಗಬೇಕು, ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ಗೇ ಇನ್ನೂ 35 ಕಿ.ಮೀ. ಇದೆ ಎಂದು. ಉಪ್ಪಿನಕಾಯಿ ವಿಷಯವನ್ನೂ ಬರೆದರೆ ಒಳ್ಳೆಯದು.

– ಓದುಗ, ಉಡುಪಿ